ಲೋಪಚಿಹ್ನೆಯೂ ಅದರ ಲೋಪಗಳೂ

ಇಂಗ್ಲಿಷ್ ಬರವಣಿಗೆಯಲ್ಲಿ ಒಂದರ ಪಕ್ಕದಲ್ಲೊಂದಾಗಿ ಮೂರು ಚುಕ್ಕಿಗಳನ್ನಿಡುವ ಪದ್ಧತಿಯೊಂದುಂಟು. ಆ ಭಾಷೆಯ ವೈಯಾಕರಣರು ಇದನ್ನು ಎಲಿಪ್ಸಿಸ್ ಎಂದು ಕರೆಯುತ್ತಾರೆ. ಕೊರತೆ ಎಂಬರ್ಥದ ಗ್ರೀಕ್ ಶಬ್ದವೇ ಇದಕ್ಕೆ ಮೂಲ. ಗಣಿತದವರು ದೀರ್ಘವೃತ್ತಕ್ಕಿಟ್ಟ ಎಲಿಪ್ಸ್ ಎಂಬ ಹೆಸರೂ ಅದೇ ಮೂಲದ್ದಾದುದರಿಂದ, ಬಹುವಚನದಲ್ಲಿ ಎರಡೂ ಒಂದೇ ಕಾಗುಣಿತವನ್ನು ತಾಳಿ ವಿದ್ಯಾರ್ಥಿಗಳನ್ನು ಕಾಡುವುದುಂಟು, ಅದು ಹಾಗಿರಲಿ. ಪ್ರಕೃತ ಲೇಖನದಲ್ಲಿ ಇದನ್ನು ಲೋಪಚಿಹ್ನೆಯೆಂದೇ ಕರೆಯುತ್ತೇನೆ. ಈ ಚಿಹ್ನೆಗೆ ಇರುವುದು ಎರಡೇ ಅಧಿಕಾರಗಳು. ಪರರ ಮಾತನ್ನು ಉದ್ಧರಿಸುವಾಗ ನಡುವೆ ಕೆಲವು ಪದಗಳನ್ನು ಬಿಟ್ಟೆವೆಂದು ತಿಳಿಸುವುದು ಒಂದು. ಆಡುತ್ತಿದ್ದವನ ಮಾತು ಮುಗಿಯದೆ ನಡುವೆಯೇ ನಿಂತಿತೆಂದು ತೋರಿಸುವುದು ಇನ್ನೊಂದು. ಮೂರನೆಯ ಅಧಿಕಾರವನ್ನು ಯಾವ ಪ್ರಮಾಣಗ್ರಂಥವೂ ಕೊಟ್ಟಂತೆ ಕಾಣೆ. ಆದರೆ ಇಂದು ಅದು ಅಲ್ಪವಿರಾಮದ ಗದ್ದುಗೆಯಲ್ಲಿ ಕುಳಿತಿದೆ; ಪೂರ್ಣವಿರಾಮವನ್ನು ಊರು ಬಿಡಿಸಿದೆ; ಆಲೋಚನೆಯಿಲ್ಲದ ಕಡೆ ಆಲೋಚನೆಯ ವೇಷವನ್ನು ಹಾಕಿಕೊಂಡಿದೆ. ಪಾರ್ಥೇನಿಯಂ ಕಳೆಯಂತೆ ಇಂಗ್ಲಿಷಿನಿಂದ ಕನ್ನಡದ ಹೊಲಕ್ಕೂ ಹಬ್ಬಿದೆ. ಈ ವಿಷಯದಲ್ಲಿ ವಾಚಕ ಮಹಾಶಯರ ಮುಂದೆ ಕೆಲವು ಮಾತುಗಳನ್ನು ನಿಷ್ಠುರವಾಗಿಯೇ ಹೇಳಬೇಕಾಗಿದೆ.

ನಮ್ಮ ಸಂಘದ ಈ ಮಾಸಪತ್ರಿಕೆಗೆ ಬರುವ ಲೇಖನಗಳ ಕರಡುಗಳನ್ನು ನೋಡಿಕೊಡುವ ಕೆಲಸವು ನನ್ನ ಪಾಲಿಗೆ ಬಂದಂದಿನಿಂದ ಕಾಣುತ್ತಿದ್ದೇನೆ: ಕಥೆಯಾಗಲಿ, ಪ್ರವಾಸದ ವರ್ಣನೆಯಾಗಲಿ, ಕಡೆಗೆ ಶ್ರದ್ಧಾಂಜಲಿಯೇ ಆಗಲಿ, ವಾಕ್ಯವು ಚುಕ್ಕಿಗಳಿಂದ ಹೊರಟು ಚುಕ್ಕಿಗಳಲ್ಲಿ ಲಯವಾಗುತ್ತದೆ. ಮೂರಕ್ಕೆ ನಿಲ್ಲುವ ಸಂಯಮವೂ ಇಲ್ಲ. ಐದು, ಏಳು, ಒಮ್ಮೊಮ್ಮೆ ಸಾಲು ತುಂಬುವವರೆಗೆ. “ಅವಳು ಬಂದಳು... ಕುಳಿತಳು... ನೋಡಿದಳು... ಹೋದಳು...” ಎಂಬಂಥ ವಾಕ್ಯಗಳನ್ನು ಓದುವಾಗ, ಲೇಖಕರು ನಡೆಯುತ್ತಿರುವರೋ ಕುಂಟುತ್ತಿರುವರೋ ತಿಳಿಯದು. ಇಲ್ಲಿ ಬಿಟ್ಟದ್ದೇನು? ಏನೂ ಇಲ್ಲ. ಬಿಡದೆ ಇದ್ದುದಕ್ಕೆ ಬಿಟ್ಟ ಗುರುತನ್ನು ಹಾಕುವುದು, ಸಾಲವನ್ನೇ ಮಾಡದವನ ಮನೆಯ ಬಾಗಿಲಿಗೆ ಜಪ್ತಿಯ ನೋಟೀಸನ್ನು ಅಂಟಿಸಿದಂತೆ. ಬಂದು ಕುಳಿತು ನೋಡಿ ಹೋದಳು ಎಂದು ಬರೆದರೆ ಕನ್ನಡದ ಕೃದಂತಾವ್ಯಯವು ಯಾವ ಚಿಹ್ನೆಯ ಹಂಗೂ ಇಲ್ಲದೆ ನಾಲ್ಕು ಕ್ರಿಯೆಗಳನ್ನು ಒಂದೇ ದಾರದಲ್ಲಿ ಪೋಣಿಸಿಕೊಡುತ್ತದೆ. ಮನೆಯ ಪೆಟ್ಟಿಗೆಯಲ್ಲಿ ಇಂಥ ದಾರವಿರುವಾಗ ನೆರೆಮನೆಯಿಂದ ಮುಳ್ಳನ್ನು ಎರವಲು ತರುವುದೇಕೆ?

ಇದು ಕನ್ನಡದ ಮಾತಾಯಿತು. ಇಂಗ್ಲಿಷಿನ ಗತಿ ಇದಕ್ಕಿಂತಲೂ ಕಷ್ಟ. ನಾನಿರುವ ವಿಮಾನಪುರವು ೧೯೪೦ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಾಯದೊಡನೆ ಸ್ಥಾಪಿಸಿದ ವಿಮಾನ ಕಾರ್ಖಾನೆಯ ಸುತ್ತ ಬೆಳೆದ ಊರು. ಕನ್ನಡಿಗರು, ತಮಿಳರು, ತೆಲುಗರು, ಮಲಯಾಳಿಗಳು, ಉರ್ದು ಮಾತನಾಡುವವರು ಎಲ್ಲರೂ ಒಂದೇ ಬೀದಿಯಲ್ಲಿ ವಾಸಿಸುವರು. ಬಾಯಿಮಾತಿಗೆ ಐದು ಭಾಷೆಗಳಿದ್ದರೂ ಲಿಖಿತ ವ್ಯವಹಾರವು, ದಂಡಿನ ಪ್ರದೇಶದ ಹಳೆಯ ವಾಡಿಕೆಯಂತೆ, ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ನಡೆಯುವುದು. ಆದುದರಿಂದ ಆ ಭಾಷೆಯನ್ನು ಸರಿಯಾಗಿ ಬರೆಯುವುದು ಇಲ್ಲಿ ಒಣ ಪಾಂಡಿತ್ಯವಲ್ಲ, ನಿತ್ಯದ ಅವಶ್ಯಕತೆ. ಈ ಕಡೆಯ ನಿವಾಸಿಗಳ ಸಂಘವೊಂದು ಕಳೆದ ಬೇಸಗೆಯಲ್ಲಿ ಇಂಗ್ಲಿಷಿನಲ್ಲಿ ಹೊರಡಿಸಿದ ಸೂಚನೆಯ ತಾತ್ಪರ್ಯವಿದು: “ನಾಳೆ ನೀರು ಇಲ್ಲ... ಎರಡನೆಯ ಅಡ್ಡರಸ್ತೆ... ಬೆಳಿಗ್ಗೆ ಹತ್ತರವರೆಗೆ... ಮೂರನೆಯ ಅಡ್ಡರಸ್ತೆ... ಸಹಕರಿಸಿ...” ಹತ್ತು ಗಂಟೆಯ ಮಾತು ಎರಡನೆಯ ಅಡ್ಡರಸ್ತೆಗೆ ಸೇರಿದ್ದೋ, ಮೂರನೆಯದಕ್ಕೋ? ಅಥವಾ ಕಾಕಾಕ್ಷಿಗೋಲಕನ್ಯಾಯದಂತೆ ಎರಡು ಕಡೆಗೂ ಸಲ್ಲುವುದೋ? ಒಂದು ಪೂರ್ಣವಿರಾಮವನ್ನು ಹಾಕಿದ್ದರೆ ಸಂಶಯ ತೀರುತ್ತಿತ್ತು. ಅದಿಲ್ಲದ ಕಾರಣ, ಹತ್ತಾದ ಮೇಲೆ ನೀರು ಬರುವುದೆಂದು ನಂಬಿ ಬಿಂದಿಗೆಗಳನ್ನು ತುಂಬಿಸದೆ ಕುಳಿತಿದ್ದ ಎರಡನೆಯ ಅಡ್ಡರಸ್ತೆಯ ಗೃಹಿಣಿಯರು ದಿನವೆಲ್ಲ ಟ್ಯಾಂಕರಿನವನ ದಾರಿಯನ್ನು ಕಾಯಬೇಕಾಯಿತು. ಚಿಹ್ನೆಯ ವಿಚಾರ ವಿದ್ವಾಂಸರ ಕಾಲಹರಣವೆಂದು ನಗುವವರು ಆ ಗೃಹಿಣಿಯರನ್ನು ಕೇಳಿ ನೋಡಬಹುದು.

ಇಷ್ಟನ್ನು ಹೇಳಿದ ಕೂಡಲೆ ನವೀನರಾದ ಲೇಖಕರು ಒಂದು ಸಮಾಧಾನವನ್ನು ಮುಂದಿಡುತ್ತಾರೆ. ಚುಕ್ಕಿಗಳಲ್ಲಿ ಧ್ವನಿಯಿದೆಯಂತೆ, ಹೇಳದೆ ಬಿಟ್ಟದ್ದೇ ಕಾವ್ಯದ ಜೀವವಂತೆ, ಇದನ್ನರಿಯದ ಪಾಠಶಾಲೆಯ ಪಂಡಿತರು ಸಹೃದಯರಲ್ಲವಂತೆ. ಧ್ವನಿಯ ಹೆಸರನ್ನು ಎತ್ತಿದ್ದರಿಂದ ಉತ್ತರ ಕೊಡಲೇಬೇಕಾಗಿದೆ. ಒಂಬತ್ತನೆಯ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನನು ಧ್ವನ್ಯಾಲೋಕವನ್ನು ಬರೆದಾಗ ಅವನ ಮುಂದಿದ್ದ ಕಾವ್ಯಗಳಲ್ಲಿ ಒಂದು ಚುಕ್ಕಿಯೂ ಇರಲಿಲ್ಲ. ವಾಚ್ಯಾರ್ಥವು ಗಟ್ಟಿಯಾಗಿ ನಿಂತ ಮೇಲೆ ಅದರಾಚೆಗೆ ಹೊಳೆಯತಕ್ಕದ್ದು ವ್ಯಂಗ್ಯಾರ್ಥ. ಅವನೇ ಹೇಳುವ ಅನುರಣನದ ದೃಷ್ಟಾಂತವನ್ನು ತೆಗೆದುಕೊಂಡರೆ, ಘಂಟೆಯನ್ನು ಬಾರಿಸಿದ ಮೇಲೆ ಕಿವಿಯಲ್ಲಿ ಉಳಿಯುವ ನಾದವದು. ಘಂಟೆಯನ್ನು ಮುಟ್ಟದೆ, ಅದರ ಪಕ್ಕದಲ್ಲಿ ಮೂರು ಬೊಟ್ಟುಗಳನ್ನಿಟ್ಟು, “ಅನುರಣನವನ್ನು ಆಲಿಸಿರಿ” ಎನ್ನುವುದು ಯಾವ ಸಂಪ್ರದಾಯ? ಹೇಳುವುದಕ್ಕೆ ಇದ್ದು ಬಿಟ್ಟವನ ಮೌನ ಬೇರೆ. ಹೇಳುವುದಕ್ಕೆ ಇಲ್ಲದವನ ಮೌನ ಬೇರೆ. ಎರಡಕ್ಕೂ ಒಂದೇ ಗುರುತನ್ನು ಹಚ್ಚಿದರೆ ಓದುವವನು ಮೋಸಹೋಗುತ್ತಾನೆ, ಅಥವಾ ಮೋಸವನ್ನು ಬೇಗ ಅರಿತುಕೊಂಡು ಪುಟವನ್ನು ಮಗುಚುತ್ತಾನೆ.

ಲೋಪವೆಂಬುದು ನಮಗೆ ಹೊಸದೂ ಅಲ್ಲ. ಪಾಣಿನಿಯು ಅಷ್ಟಾಧ್ಯಾಯಿಯ ಮೊದಲನೆಯ ಅಧ್ಯಾಯದ ಮೊದಲನೆಯ ಪಾದದಲ್ಲಿಯೇ ಅದಕ್ಕೆ ಲಕ್ಷಣವನ್ನು ಹೇಳಿದ್ದಾನೆ. ಇರಬೇಕಾದುದು ಕಾಣದೆ ಹೋಗುವುದು ಲೋಪ. ಇನ್ನೆರಡು ಸೂತ್ರಗಳ ತರುವಾಯ, ಪ್ರತ್ಯಯವು ಲೋಪವಾದರೂ ಅದರ ಕಾರ್ಯವು ನಡೆಯತಕ್ಕದ್ದೆಂದು ವಿಧಿಸುತ್ತಾನೆ. ಇದರಲ್ಲಿರುವ ಸೂಕ್ಷ್ಮವನ್ನು ನಮ್ಮ ಲೇಖಕರು ಗಮನಿಸಬೇಕು: ಕಾಣದೆ ಹೋದುದು ಇಲ್ಲವಾದುದಲ್ಲ. ಅದು ಇಂಥದೇ ಎಂದು ಗೊತ್ತಿರಬೇಕು, ಅದರ ಕೆಲಸವೂ ಮುಂದುವರಿಯಬೇಕು. ಕನ್ನಡದ ಮಕ್ಕಳು ಕಲಿಯುವ ಲೋಪಸಂಧಿಯೂ ಹೀಗೆಯೇ. ಮಾತು, ಇಲ್ಲ ಎಂಬೆರಡು ಸೇರಿ ಮಾತಿಲ್ಲ ಎಂದಾದಾಗ ಹೋದುದು ಉಕಾರವೆಂದು ಪ್ರಾಥಮಿಕ ಶಾಲೆಯ ಹುಡುಗನೂ ಬೆರಳು ತೋರಿಸಿ ಹೇಳಬಲ್ಲನು. ಸಂಸ್ಕೃತದಲ್ಲಿ ಪೂರ್ವರೂಪವಾಗಿ ಅಕಾರವು ಅಡಗಿದ ಕಡೆ ಅವಗ್ರಹವನ್ನು ಬರೆಯುವೆವು. ಒಂದು ಅಕಾರಕ್ಕೆ ಒಂದು ಅವಗ್ರಹ. ಶೋಭೆಗೆಂದು ನಾಲ್ಕು ಅವಗ್ರಹಗಳನ್ನು ಸಾಲಾಗಿ ಬರೆದ ಲಿಪಿಕಾರನನ್ನು ನಾನು ಕಾಣೆ.

ವಾಕ್ಯದಲ್ಲಿ ಪದಗಳನ್ನು ಬಿಡುವ ವಿಷಯದಲ್ಲಿಯೂ ಶಾಸ್ತ್ರಕಾರರು ಕಣ್ಣು ಮುಚ್ಚಿ ಕುಳಿತಿಲ್ಲ. ಮಳೆ ಬೀಸುತ್ತಿರುವಾಗ ಒಳಗಿನಿಂದ ಯಜಮಾನನು “ಬಾಗಿಲು!” ಎಂದು ಕೂಗಿದರೆ, ಹೊರಗಿನ ಹುಡುಗನು ಮುಚ್ಚು ಎಂಬ ಕ್ರಿಯಾಪದವನ್ನು ತಾನೇ ಕೂಡಿಸಿಕೊಳ್ಳುತ್ತಾನೆ. ಇದೇ ಅಧ್ಯಾಹಾರ. ಅಧ್ಯಾಹರಿಸುವುದು ಶಬ್ದವನ್ನೋ, ಅರ್ಥವನ್ನೋ ಎಂದು ಭಾಟ್ಟರಿಗೂ ಪ್ರಾಭಾಕರರಿಗೂ ದೊಡ್ಡ ವಾದವೇ ನಡೆದಿದೆ. ಬಿಟ್ಟದ್ದು ಕೇಳುವವನಿಗೆ ನಿಶ್ಚಯವಾಗಬೇಕೆಂಬಲ್ಲಿ ಮಾತ್ರ ವಾದವಿಲ್ಲ. ಆಕಾಂಕ್ಷೆಯು ತಾನಾಗಿ ಹುಟ್ಟಿ ತಾನಾಗಿ ತೀರುವಂತಿದ್ದರೆ ಬಿಡಬಹುದು, ಅದಕ್ಕೆ ಚುಕ್ಕಿ ಬೇಕಿಲ್ಲ. ಆಕಾಂಕ್ಷೆ ತೀರದಿದ್ದರೆ ಬಿಡಬಾರದು, ಚುಕ್ಕಿಯಿಟ್ಟರೂ ತೀರದು. ಇದಕ್ಕೆ ಶಾಸ್ತ್ರವೇ ಬೇಡ, ತಂತಿಯನ್ನು ನೆನೆದರೆ ಸಾಕು. ೨೦೧೩ರ ಜುಲೈ ತಿಂಗಳಿನಲ್ಲಿ ನಿಂತುಹೋದ ಆ ಸೇವೆಯಲ್ಲಿ ಪದಕ್ಕಿಷ್ಟೆಂದು ಹಣ ತೆರಬೇಕಾಗಿದ್ದುದರಿಂದ ಜನರು ಬಿಡಬಹುದಾದುದನ್ನೆಲ್ಲ ಬಿಡುತ್ತಿದ್ದರು. “ತಂದೆ ಅಸ್ವಸ್ಥ, ಕೂಡಲೆ ಹೊರಡು” ಎಂಬಷ್ಟರಲ್ಲಿ ಯಾರ ತಂದೆ, ಎಲ್ಲಿಗೆ ಹೊರಡಬೇಕು ಎಂಬುದಿಲ್ಲ. ಆದರೂ ಮಗನು ಅದೇ ರಾತ್ರಿಯ ರೈಲನ್ನು ಹತ್ತಿದನು. ಹಣದ ಭಯವು ಕಲಿಸಿದ ಈ ಮಿತವ್ಯಯವನ್ನು, ಹಣವಿಲ್ಲದೆ ಎಷ್ಟು ಬೇಕಾದರೂ ಬರೆಯಬಹುದಾದ ಈ ಕಾಲವು ಮರೆತುಬಿಟ್ಟಿತು.

ಇನ್ನು ಮುರಿದ ಮಾತನ್ನು ಬರೆದು ತೋರಿಸುವ ಅಧಿಕಾರದ ವಿಚಾರ. ಇಲ್ಲಿಯೂ ಹಿರಿಯರು ಬೇಕಾದಷ್ಟು ಬೆಳಕನ್ನು ಕೊಟ್ಟಿದ್ದಾರೆ. ಸಂಸ್ಕೃತ ನಾಟಕಗಳಲ್ಲಿ ಪಾತ್ರವು ಮಾತನ್ನು ಅರ್ಧಕ್ಕೆ ನಿಲ್ಲಿಸಿದಾಗ ಅರ್ಧೋಕ್ತಿಯೆಂಬ ರಂಗಸೂಚನೆಯನ್ನು ಕವಿಯು ಬರೆಯುತ್ತಾನೆ. ಭವಭೂತಿಯ ಉತ್ತರರಾಮಚರಿತದ ಮೊದಲನೆಯ ಅಂಕದಲ್ಲಿ ವೃದ್ಧನಾದ ಕಂಚುಕಿಯು ಪಟ್ಟಾಭಿಷಿಕ್ತನಾದ ಪ್ರಭುವನ್ನು ಬಾಲ್ಯದ ಅಭ್ಯಾಸದಂತೆ ರಾಮಭದ್ರ ಎಂದು ಕೂಗಿ, ಅಷ್ಟಕ್ಕೇ ನಿಂತು, ಅಂಜಿ, ಮಹಾರಾಜ ಎಂದು ತಿದ್ದಿಕೊಳ್ಳುತ್ತಾನೆ. ರಾಮನು ನಸುನಕ್ಕು, ತಂದೆಯ ಕಾಲದ ಪರಿಜನರ ಬಾಯಲ್ಲಿ ಹಳೆಯ ಹೆಸರೇ ಚೆಂದವೆಂಬ ಭಾವದಿಂದ ಅವನನ್ನು ಸಮಾಧಾನಪಡಿಸುತ್ತಾನೆ. ಮುದುಕನ ಪ್ರೀತಿ, ರಾಜಸಭೆಯ ಮರ್ಯಾದೆ, ರಾಮನ ಸೌಜನ್ಯ, ಇಷ್ಟೂ ಆ ಒಂದು ತಡೆದ ಮಾತಿನಲ್ಲಿವೆ. ನಾಟಕದ ಎಲ್ಲ ಪಾತ್ರಗಳೂ ಎಲ್ಲ ಮಾತುಗಳಲ್ಲಿಯೂ ಹೀಗೆ ತಡೆಯುತ್ತ ಹೋಗಿದ್ದರೆ ಕಂಚುಕಿಯ ತಡೆಗೆ ಬೆಲೆಯೆಲ್ಲಿ ಉಳಿಯುತ್ತಿತ್ತು?

ಆಶ್ಚರ್ಯವೆಂದರೆ ಇಂಗ್ಲಿಷಿನಲ್ಲಿಯೂ ಈ ಚಿಹ್ನೆಯ ಜನ್ಮಸ್ಥಾನ ನಾಟಕವೇ. ರೋಮಿನ ನಾಟಕಕಾರನಾದ ಟೆರೆನ್ಸನ ಆಂಡ್ರಿಯಾ ಎಂಬ ನಾಟಕವನ್ನು ಮಾರಿಸ್ ಕಿಫಿನ್ ಎಂಬಾತನು ಇಂಗ್ಲಿಷಿಗೆ ತಿರುಗಿಸಿ ೧೫೮೮ರಲ್ಲಿ ಅಚ್ಚು ಹಾಕಿಸಿದಾಗ, ಮಾತು ಮುರಿದ ಕಡೆಗಳಲ್ಲಿ ಸಣ್ಣ ಅಡ್ಡಗೆರೆಗಳ ಸಾಲನ್ನಿಟ್ಟರೆಂದು ಆನ್ ಟೋನರ್ ಎಂಬ ವಿದುಷಿಯು ೨೦೧೫ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ತೋರಿಸಿದ್ದಾರೆ. ಗೆರೆಗಳ ಜತೆಗೆ ಚುಕ್ಕಿಗಳೂ ಬಂದದ್ದು ಆಮೇಲಿನ ಕಥೆ. ಆ ತರುವಾಯ ಮುದ್ರಕರು ನಿಯಮಗಳನ್ನು ಕಟ್ಟಿದರು. ಆಕ್ಸ್‌ಫರ್ಡ್ ಮುದ್ರಣಾಲಯದ ಹೊರೇಸ್ ಹಾರ್ಟ್ ಎಂಬವರು ತಮ್ಮ ಕೆಲಸಗಾರರಿಗೆಂದು ೧೮೯೩ರಲ್ಲಿ ಅಚ್ಚು ಮಾಡಿದ ಕೈಪಿಡಿಯ ಪರಂಪರೆ ಒಂದು; ೧೯೦೬ರಲ್ಲಿ ಮೊದಲು ಹೊರಟ ಷಿಕಾಗೊ ವಿಶ್ವವಿದ್ಯಾಲಯದ ಕೈಪಿಡಿಯ ಪರಂಪರೆ ಇನ್ನೊಂದು. ಚುಕ್ಕಿಗಳ ನಡುವೆ ಜಾಗ ಬಿಡಬೇಕೇ ಬೇಡವೇ ಎಂಬಂಥ ವಿಷಯಗಳಲ್ಲಿ ಮುದ್ರಕರಿಗೆ ಮತಭೇದವಿದೆ. ಸಂಖ್ಯೆಯಲ್ಲಿ ಇಲ್ಲ. ಚುಕ್ಕಿಗಳು ಮೂರು. ಪೂರ್ಣವಾದ ವಾಕ್ಯವೊಂದು ಮುಗಿದ ಮೇಲೆ ಏನನ್ನಾದರೂ ಬಿಟ್ಟರೆ, ಆ ವಾಕ್ಯದ ಪೂರ್ಣವಿರಾಮವು ಮೊದಲು ತನ್ನ ಸ್ಥಾನದಲ್ಲಿ ನಿಂತು, ಅದರ ಬಳಿಕ ಮೂರು ಬರುವುದರಿಂದ ಕಣ್ಣಿಗೆ ನಾಲ್ಕು ಕಾಣುತ್ತವೆ. ನಾಲ್ಕನೆಯದು ಲೋಪಚಿಹ್ನೆಯ ಅಂಗವಲ್ಲ. ಐದನೆಯ ಚುಕ್ಕಿಗೆ ಇಂಗ್ಲಿಷಿನಲ್ಲಿ ಯಾವ ನೆಲೆಯೂ ಇಲ್ಲ. ಗಣಕಯಂತ್ರದ ಯೂನಿಕೋಡ್ ಅಕ್ಷರಮಾಲೆಯಲ್ಲಿಯೂ ಮೂರು ಸೇರಿ ಒಂದೇ ಅಕ್ಷರವೆಂದು ಗಣಿಸಿ ಒಂದು ಸ್ಥಾನವನ್ನು ಕೊಟ್ಟಿದ್ದಾರೆ. ಉದ್ಧರಿಸಿದ ತುಂಡು ದೊಡ್ಡ ವಾಕ್ಯದ ಭಾಗವೆಂದು ಎಲ್ಲರಿಗೂ ಕಾಣುತ್ತಿರುವಾಗ ಅದರ ಹಿಂದೆಯೂ ಮುಂದೆಯೂ ಚುಕ್ಕಿಗಳ ತೋರಣವನ್ನು ಕಟ್ಟಬೇಕಾಗಿಲ್ಲ. ಇತ್ಯಾದಿ ಎಂದ ಮೇಲೆ ಮತ್ತೆ ಚುಕ್ಕಿಗಳನ್ನಿಡುವುದಂತೂ ಪುನರುಕ್ತಿದೋಷ. ಇತ್ಯಾದಿಯೇ ಆ ಕೆಲಸವನ್ನು ಮಾಡಿ ಮುಗಿಸಿದೆ. ನಮ್ಮ ಗುಮಾಸ್ತರು ಮೇಲಧಿಕಾರಿಗಳಿಗೆ “ಪ್ಲೀಸ್ ಡೂ ದಿ ನೀಡ್‌ಫುಲ್...” ಎಂದು ಬರೆದು ನಿಲ್ಲಿಸುವುದನ್ನು ಕಂಡಿದ್ದೇನೆ. ಅದು ವಿನಯವೆಂದು ಅವರ ಎಣಿಕೆ. ಓದುವವನಿಗೆ, ಮಾಡದಿದ್ದರೆ ಮುಂದೇನಾಗುವುದೋ ನೋಡಿಕೊಳ್ಳಿ ಎಂಬ ಬೆದರಿಕೆಯಂತೆ ಕಾಣುತ್ತದೆ.

ಇಷ್ಟರವರೆಗೆ ಹೇಳಿದ್ದು ಅಂದಗೇಡಿನ ಮಾತು. ಇನ್ನು ಹೇಳತಕ್ಕದ್ದು ಅಧರ್ಮದ ಮಾತು. ಪರರ ವಾಕ್ಯವನ್ನು ಉದ್ಧರಿಸುವಾಗ ಬಿಡುವ ಪದಗಳು ನಮ್ಮ ಸ್ವತ್ತಲ್ಲ, ಬರೆದವನ ನಿಕ್ಷೇಪ. ದ್ರೋಣಪರ್ವದಲ್ಲಿ ಧರ್ಮರಾಯನು ಅಶ್ವತ್ಥಾಮನು ಹತನಾದನೆಂದು ಗಟ್ಟಿಯಾಗಿ ಹೇಳಿ, ಆನೆಯೆಂಬ ಪದವನ್ನು ದ್ರೋಣರ ಕಿವಿಗೆ ಬೀಳದಂತೆ ನುಂಗಿಕೊಂಡನು. ಪದವು ಉಚ್ಚರಿತವಾಗಿತ್ತು, ಕೇಳಿಸಲಿಲ್ಲ. ಅಂದಿನವರೆಗೆ ನೆಲದಿಂದ ನಾಲ್ಕಂಗುಲ ಮೇಲೆ ಸಾಗುತ್ತಿದ್ದ ಅವನ ರಥವು ಅಂದು ನೆಲವನ್ನು ಮುಟ್ಟಿತೆಂದು ವ್ಯಾಸರು ಹೇಳುತ್ತಾರೆ. ಲೋಪಚಿಹ್ನೆಯನ್ನು ಕೈಗೆತ್ತಿಕೊಳ್ಳುವ ಸಂಪಾದಕರೆಲ್ಲರೂ ಆ ನಾಲ್ಕಂಗುಲವನ್ನು ಮನಸ್ಸಿನಲ್ಲಿಡಬೇಕು.

ಯೂರೋಪಿನಲ್ಲಿ ಇದರ ಫಲ ಇನ್ನೂ ಘೋರವಾಯಿತು. ೧೮೭೦ರ ಜುಲೈ ೧೩ರಂದು ಎಮ್ಸ್ ಎಂಬ ಊರಿನಿಂದ, ಪ್ರಷ್ಯದ ದೊರೆಗೂ ಫ್ರೆಂಚ್ ರಾಯಭಾರಿಗೂ ನಡೆದ ಮಾತುಕತೆಯ ವರದಿಯು ತಂತಿಯ ಮೂಲಕ ಬಿಸ್ಮಾರ್ಕನ ಕೈಗೆ ಬಂದಿತು. ಆತನು ಸೌಜನ್ಯದ ಮಾತುಗಳನ್ನು ಕತ್ತರಿಸಿ, ಉಳಿದುದನ್ನು ಪತ್ರಿಕೆಗಳಿಗೆ ಕೊಟ್ಟನು. ಕತ್ತರಿಸಿದ ಕಡೆ ಯಾವ ಗುರುತೂ ಇರಲಿಲ್ಲ. ಇದ್ದ ಮಾತುಗಳೇ ಗಿಡ್ಡವಾಗಿ ಅವಮಾನದ ಮಾತುಗಳಾದವು. ಜುಲೈ ೧೯ರಂದು ಫ್ರಾನ್ಸ್ ಯುದ್ಧವನ್ನು ಘೋಷಿಸಿತು. ಗುರುತನ್ನಿಟ್ಟರೂ ಮೋಸ ಮಾಡಬಹುದೆಂಬುದಕ್ಕೆ ಈಚಿನ ನಿದರ್ಶನ ಬೇಕಾದರೆ ಅಮೇರಿಕದಲ್ಲಿದೆ. ಅಲ್ ಖೈದಾ ಗುಂಪಿನ ನಾಯಕರಲ್ಲಿ ಸುಮಾರು ಅರ್ಧ ಮಂ‌ದಿ ಸೆರೆಯಲ್ಲಿರುವರು ಅಥವಾ ಸತ್ತಿರುವರು, ಹೇಗಾದರೂ ಅವರಿಂದ ಇನ್ನು ತೊಂದರೆಯಿಲ್ಲ ಎಂಬ ಅಭಿಪ್ರಾಯವನ್ನು ಅಧ್ಯಕ್ಷ ಬುಷ್ ೨೦೦೩ರಲ್ಲಿ ಹೇಳಿದರು. ಆ ಮೇ ತಿಂಗಳಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಅಂಕಣಗಾರ್ತಿ ಮೊರೀನ್ ಡೌಡ್ ಆ ಮಾತನ್ನು ಉದ್ಧರಿಸುವಾಗ ಸೆರೆ, ಸಾವುಗಳ ವಾಕ್ಯವನ್ನು ಬಿಟ್ಟು ಮೂರು ಚುಕ್ಕಿಗಳನ್ನಿಟ್ಟರು. ಇಡೀ ಗುಂಪಿನಿಂದಲೇ ಇನ್ನು ತೊಂದರೆಯಿಲ್ಲವೆಂದು ಅಧ್ಯಕ್ಷರು ಹೇಳಿದಂತಾಯಿತು. ಅಧ್ಯಕ್ಷರ ರಾಜಕಾರಣ ಯಾರಿಗೆ ಎಷ್ಟು ಒಪ್ಪಿಗೆಯೋ ಬಿಡಲಿ. ಆಡಿದ ಮಾತು ಆಡಿದಂತೆ ಇರಬೇಕು. ಅಲ್ಲಿನ ಟೀಕಾಕಾರರು ಇಂಥ ಕತ್ತರಿಪ್ರಯೋಗಕ್ಕೆ ಆಕೆಯ ಹೆಸರಿನಿಂದಲೇ ಒಂದು ಕ್ರಿಯಾಪದವನ್ನು ಹುಟ್ಟಿಸಿದರು.

ದೂರದ ಕಥೆಗಳಾದವೆಂದರೆ ಹತ್ತಿರದ್ದೂ ಇದೆ. ಒಂದು ಸಭೆಯಲ್ಲಿ ನಾನು, ಇಂಗ್ಲಿಷ್ ಬಾರದೆ ಈ ಕಾಲದಲ್ಲಿ ನಮ್ಮ ಮಕ್ಕಳ ಜೀವನ ಸಾಗದು, ಆದರೆ ಅದಕ್ಕಾಗಿ ಕನ್ನಡ ಮಾಧ್ಯಮದ ಶಾಲೆಯನ್ನು ಬಿಡಬೇಕೆಂಬುದು ಭ್ರಾಂತಿ, ಕನ್ನಡದಲ್ಲಿ ಚೆನ್ನಾಗಿ ಕಲಿತವನೇ ಇಂಗ್ಲಿಷನ್ನೂ ಚೆನ್ನಾಗಿ ಕಲಿಯುತ್ತಾನೆ ಎಂದು ಹೇಳಿದ್ದೆ. ಆ ಸಭೆಯನ್ನು ಕೂಡಿಸಿದವರು ಹೊರತಂದ ಸ್ಮರಣಸಂಚಿಕೆಯಲ್ಲಿ ನನ್ನ ಹೆಸರಿನ ಕೆಳಗೆ “ಇಂಗ್ಲಿಷ್ ಬಾರದೆ ಈ ಕಾಲದಲ್ಲಿ ನಮ್ಮ ಮಕ್ಕಳ ಜೀವನ ಸಾಗದು...” ಎಂದು ಅಚ್ಚಾಗಿ ಬಂದಿತು. ನಲವತ್ತು ವರ್ಷ ಕನ್ನಡವನ್ನು ಪಾಠ ಹೇಳಿ ಈಗ ಹೀಗೆ ಮಾತು ತಿರುಗಿಸಿದಿರಾ, ಮೇಷ್ಟ್ರೇ ಎಂದು ಹಳೆಯ ಶಿಷ್ಯರು ಮನೆಗೆ ಬಂದು ಕೇಳಿದರು. ನನ್ನ ಮಾತನ್ನೇ ಆಧಾರವಾಗಿ ತೋರಿಸಿ ಮೊಮ್ಮಗನನ್ನು ಕನ್ನಡ ಶಾಲೆಯಿಂದ ಬಿಡಿಸಿದವರೂ ಒಬ್ಬರಿದ್ದರು. ಸಂಚಿಕೆಯವರನ್ನು ವಿಚಾರಿಸಲು ಹೋದಾಗ ಬಂದ ಉತ್ತರವನ್ನು ಇಲ್ಲಿ ಯಥಾವತ್ತಾಗಿ ಕೊಡುತ್ತೇನೆ: “ಚುಕ್ಕಿ ಹಾಕಿದ್ದೇವಲ್ಲ, ಸ್ವಾಮಿ!”

ಈ ಉತ್ತರದಲ್ಲಿಯೇ ರೋಗದ ಮೂಲವಿದೆ. ಚುಕ್ಕಿಯು ಪ್ರಾಯಶ್ಚಿತ್ತವೆಂದು ಅವರು ತಿಳಿದಿದ್ದಾರೆ. ಬಿಟ್ಟಿದ್ದೇವೆಂದು ತಿಳಿಸಿದ ಮಾತ್ರಕ್ಕೆ ಏನನ್ನು ಬೇಕಾದರೂ ಬಿಡಬಹುದೆಂಬ ಅನುಮತಿಪತ್ರ ದೊರೆಯುವುದಿಲ್ಲ. ಬಿಟ್ಟ ಮೇಲೂ ಉಳಿದ ಮಾತು ವಕ್ತೃವಿನ ತಾತ್ಪರ್ಯವನ್ನೇ ಹೇಳಬೇಕು. ಪಾಣಿನಿಯ ಪ್ರತ್ಯಯದಂತೆ, ಲೋಪವಾದ ಭಾಗದ ಕಾರ್ಯವು ಉಳಿದ ಭಾಗದಲ್ಲಿ ನಡೆಯುತ್ತಿರಬೇಕು. ನಡೆಯದಿದ್ದರೆ ಅದು ಲೋಪವಲ್ಲ, ಅಪಹಾರ. ಆದರೆ, ಅಲ್ಲ, ವಿನಾ, ಎಲ್ಲಿಯವರೆಗೆ ಎಂಬಂಥ ಪದಗಳು ಚುಕ್ಕಿಗಳ ಕೆಳಗೆ ಹೂತುಹೋಗಿದ್ದರೆ, ಹೂತವನನ್ನು ಹಿಡಿದು ಕೇಳುವ ಹಕ್ಕು ಓದುಗನಿಗಿದೆ.

ಚುಕ್ಕಿಗಳ ಸತ್ಪ್ರಯೋಗವನ್ನು ಕಾಣಬೇಕೆಂಬವರು ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳನ್ನು ತೆರೆದು ನೋಡಲಿ. ಬೆಂಗಳೂರಿನಲ್ಲಿಯೇ ೧೮೩೭ರಲ್ಲಿ ಹುಟ್ಟಿದ ಬಿ. ಎಲ್. ರೈಸ್ ಸಾಹೇಬರು ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಒಂಬತ್ತನೆಯ ಸಂಪುಟವಾಗಿ ೧೯೦೫ರಲ್ಲಿ ಪ್ರಕಟಿಸಿದರು. ಬೆಂಗಳೂರೆಂಬ ಹೆಸರನ್ನು ಸಾವಿರ ವರ್ಷಗಳಿಗೂ ಹಿಂದೆ ಕೆತ್ತಿದ ಬೇಗೂರು, ಚೊಕ್ಕನಾಥಸ್ವಾಮಿಯ ಗುಡಿಯಲ್ಲಿ ತಮಿಳು ಶಾಸನಗಳಿರುವ ದೊಮ್ಮಲೂರು, ನಮ್ಮ ಮಗ್ಗುಲಲ್ಲಿರುವ ವಿಭೂತಿಪುರ, ಹೀಗೆ ಈ ಸೀಮೆಯಲ್ಲಿ ಬರೆದ ಕಲ್ಲುಗಳಿಗೆ ಬರವಿಲ್ಲ. ಕಲ್ಲು ಒಡೆದು, ಅಕ್ಷರ ಸವೆದು ಹೋದ ಕಡೆಗಳಲ್ಲಿ ಆ ಸಂಪುಟಗಳ ಪಾಠದಲ್ಲಿ ಚುಕ್ಕಿಗಳಿವೆ. ಊಹಿಸಿ ತುಂಬುವ ಪಾಂಡಿತ್ಯ ರೈಸರಿಗೂ ಅವರ ಪಂಡಿತರಿಗೂ ಇತ್ತು. ಆದರೂ ತುಂಬದೆ, ಇಲ್ಲಿ ಕಾಣಲಿಲ್ಲ ಎಂದು ಬರೆದಿಟ್ಟರು. ಹಳಗನ್ನಡ ಕಾವ್ಯಗಳ ಸಂಪಾದಕರು ಓಲೆ ಮುರಿದ ಕಡೆ ಗ್ರಂಥಪಾತವೆಂದು ಗುರುತು ಹಾಕುವುದೂ ಇದೇ ನಿಯಮದಿಂದ. ೧೯೦೯ರಲ್ಲಿ ಸ್ಥಾಪಿತವಾದ ಮಿಥಿಕ್ ಸೊಸೈಟಿಯು ಈಚೆಗೆ ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮಗಳಲ್ಲಿ ಚಿತ್ರಿಸುವ ಯಂತ್ರಗಳಿಂದ ದಾಖಲು ಮಾಡುತ್ತಿದೆ. ಬರಿಗಣ್ಣಿಗೆ ಕಾಣದ ಗೀರುಗಳನ್ನೂ ಆ ಯಂತ್ರವು ತೋರಿಸಬಲ್ಲುದು. ಹಳೆಯ ಪಾಠದಲ್ಲಿ ಚುಕ್ಕಿಗಳಿರುವ ಕಡೆ ಮತ್ತೆ ನೋಡಬೇಕೆಂಬುದು ಇಂದಿನ ತರುಣರಿಗೆ ತಾನಾಗಿ ತಿಳಿಯುತ್ತದೆ. ಅಂದಿನ ಪಂಡಿತರು ಅಲ್ಲಿ ತಮ್ಮ ಊಹೆಯನ್ನು ತುಂಬಿಬಿಟ್ಟಿದ್ದರೆ ಇಂದು ಯಾರು ಮತ್ತೆ ನೋಡುತ್ತಿದ್ದರು? ಆ ಒಂದೊಂದು ಚುಕ್ಕಿಯ ಹಿಂದೆಯೂ ಬಿಸಿಲಲ್ಲಿ ಕಲ್ಲಿನ ಮುಂದೆ ಕುಳಿತು, ತೊಳೆದು, ಸವರಿ, ಕಾಣದೆಂದು ನಿಶ್ಚಯಿಸಿಕೊಂಡವನ ಶ್ರಮವಿದೆ. ನಮ್ಮ ಕಥೆಗಾರರ ಚುಕ್ಕಿಗಳ ಹಿಂದೆ ಏನಿದೆ?

ಇನ್ನು ಎದುರು ಗುಂಪಿನವರ ವಿಷಯ. ನನ್ನಂತೆಯೇ ಪಾಠಶಾಲೆಯಲ್ಲಿ ಕಲಿತ ಮಿತ್ರರು ಕೆಲವರು, ಈ ಚಿಹ್ನೆಯು ವಿದೇಶೀಯವಾದುದರಿಂದ ಕನ್ನಡದಿಂದ ಸಮೂಲವಾಗಿ ತೆಗೆಯಬೇಕೆನ್ನುತ್ತಾರೆ. ಅವರ ಉತ್ಸಾಹಕ್ಕೆ ನನ್ನ ಸಹಾನುಭೂತಿಯಿದೆ, ಸಮ್ಮತಿಯಿಲ್ಲ. ನಮ್ಮ ಶಾಸನಗಳಲ್ಲಿಯೂ ಓಲೆಗಳಲ್ಲಿಯೂ ಪದಪದಗಳ ನಡುವೆ ಜಾಗವನ್ನೇ ಬಿಡುತ್ತಿರಲಿಲ್ಲ. ದಂಡವೊಂದನ್ನು ಬಿಟ್ಟರೆ ಅಲ್ಪವಿರಾಮ, ಪ್ರಶ್ನಾರ್ಥಕ, ಉದ್ಧರಣ ಚಿಹ್ನೆಗಳೆಲ್ಲವೂ ಅಚ್ಚಿನ ಮೊಳೆಗಳೊಡನೆ ಬಂದಂಥವು. ಹೆರ್ಮನ್ ಮೋಗ್ಲಿಂಗ್ ಎಂಬ ಜರ್ಮನ್ ಪಾದ್ರಿಯು ೧೮೪೩ರಲ್ಲಿ ಮಂಗಳೂರ ಸಮಾಚಾರವನ್ನು ಹೊರಡಿಸಿದಂದಿನಿಂದ ನಮ್ಮ ಪತ್ರಿಕೆಗಳು ಬೆಳೆದು ಬಂದಿರುವುದು ಅದೇ ಮುದ್ರಣದ ಆಶ್ರಯದಲ್ಲಿ. ಚುಕ್ಕಿಗಳನ್ನು ಹೊರಗಟ್ಟುವವರು ಅಲ್ಪವಿರಾಮವನ್ನೂ ಜತೆಗೆ ಕಳುಹಿಸಿ, ತಮ್ಮ ಲೇಖನಗಳನ್ನು ಓಲೆಯ ಮೇಲೆ ಎಡೆಬಿಡದೆ ಬರೆದು ಕಳುಹಿಸಲಿ. ಕರಡು ನೋಡುವವನು ಏನು ಮಾಡುವನೋ ನೋಡೋಣ. ಬಂದ ನೆಂಟನಿಗೆ ಕೆಲಸವಿದ್ದರೆ ಇರಿಸಿಕೊಳ್ಳಬೇಕು. ನಡುಮನೆಯಲ್ಲಿ ಕಾಲು ಚಾಚಲು ಮಾತ್ರ ಬಿಡಬಾರದು. ನಮ್ಮ ಶಾಲೆಗಳಲ್ಲಿ ಲೇಖನಚಿಹ್ನೆಗಳ ಪಾಠವು ಸಾಮಾನ್ಯವಾಗಿ ಆವರಣ, ಉದ್ಧರಣಗಳಿಗೆ ನಿಂತುಬಿಡುತ್ತದೆ. ಲೋಪಚಿಹ್ನೆಯನ್ನು ಯಾರೂ ಕಲಿಸುವುದಿಲ್ಲವಾದುದರಿಂದಲೇ ಎಲ್ಲರೂ ತಮಗೆ ತೋರಿದಂತೆ ಬಳಸುತ್ತಿರುವರು.

ತಪ್ಪೆಲ್ಲವೂ ಹುಡುಗರದೆಂದು ಹೇಳುವುದೂ ನ್ಯಾಯವಲ್ಲ. ಗ್ರೆಚನ್ ಮೆಕ್‌ಕಲಕ್ ಎಂಬ ಕೆನಡಾ ದೇಶದ ಭಾಷಾಶಾಸ್ತ್ರಜ್ಞೆಯು ೨೦೧೯ರ ತಮ್ಮ ಪುಸ್ತಕದಲ್ಲಿ ಇದನ್ನು ವಿಚಾರಿಸಿದ್ದಾರೆ. ಕಾಗದದ ಅಂಚೆಯ ಕಾಲದಲ್ಲಿ ಬೆಳೆದ ಹಿರಿಯರು ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಸುಮ್ಮನೆ ಚುಕ್ಕಿಗಳನ್ನಿಡುವರೆಂದೂ, ಕಿರಿಯರು ಅದರಲ್ಲಿ ಹೇಳದೆ ಉಳಿದ ಅಸಮಾಧಾನವನ್ನು ಓದಿಕೊಳ್ಳುವರೆಂದೂ ಅವರ ಅಭಿಪ್ರಾಯ. ವಿಮಾನಪುರದ ಮನೆಗಳಲ್ಲಿ ಇದನ್ನು ದಿನವೂ ಕಾಣಬಹುದು. ಹೊರದೇಶದಲ್ಲಿರುವ ಮಗನಿಗೆ ತಂದೆಯು ವಾಟ್ಸಾಪಿನಲ್ಲಿ “ಸರಿ... ಆರೋಗ್ಯ ನೋಡಿಕೋ...” ಎಂದು ಬರೆಯುತ್ತಾನೆ. ತಂದೆಗೆ ಯಾವುದೋ ನೋವಿದೆ, ಹೇಳುತ್ತಿಲ್ಲ ಎಂದು ಮಗನು ಅಲ್ಲಿ ಅರ್ಧರಾತ್ರಿಯಲ್ಲಿ ನಿದ್ದೆಗೆಟ್ಟು ಯೋಚಿಸುತ್ತಾನೆ. ತಂದೆಯು ಇಲ್ಲಿ ಕಾಫಿ ಕುಡಿದು ಆರಾಮವಾಗಿ ಉದ್ಯಾನಕ್ಕೆ ಹೊರಟಿರುತ್ತಾನೆ. ಸರಿ ಎಂಬುದರ ಮುಂದೆ ಒಂದು ಪೂರ್ಣವಿರಾಮವನ್ನಿಡಲು ಆ ಹಿರಿಯರಿಗೆ ಬೆರಳು ನೋಯುತ್ತಿತ್ತೆ? ನನ್ನ ವಯಸ್ಸಿನವರಲ್ಲಿ ನನ್ನ ವಿಜ್ಞಾಪನೆ ಇಷ್ಟೇ: ವಾಕ್ಯವು ಮುಗಿದಿದ್ದರೆ ಮುಗಿಸಿರಿ.

ಹಾಗೆಯೇ ಛಾಪಾ ಕಾಗದದ ಕರಾರುಗಳಲ್ಲಿಯೂ ಅರ್ಜಿಗಳಲ್ಲಿಯೂ ತುಂಬುವುದಕ್ಕೆಂದು ಬಿಡುವ ಚುಕ್ಕಿಸಾಲುಗಳನ್ನು ಲೋಪಚಿಹ್ನೆಯೊಡನೆ ಬೆರೆಸಬಾರದು. ಅವು ಖಾಲಿ ಜಾಗದ ಗುರುತುಗಳು. ಅವನ್ನು ತುಂಬದೆ, ಅಡ್ಡಗೆರೆಯನ್ನೂ ಹೊಡೆಯದೆ ರುಜು ಹಾಕಿದವನು ಅಲ್ಲಿ ಮುಂದೆ ಇನ್ನೊಬ್ಬನು ಬರೆಯುವುದಕ್ಕೆ ತಾನೇ ಚಾಪೆ ಹಾಸಿಕೊಟ್ಟಂತೆ. ಇದು ವ್ಯಾಕರಣದ ವಿಷಯವಲ್ಲದಿದ್ದರೂ ಪ್ರಸಂಗವಶಾತ್ ಹೇಳಿದ್ದೇನೆ.

ಕಡೆಯದಾಗಿ ಈ ಪತ್ರಿಕೆಯ ಮಾನ್ಯ ಸಂಪಾದಕರಲ್ಲಿ ಒಂದು ಬೇಡಿಕೆ. ಉದ್ಧರಿಸಿದ ಮಾತಿನಲ್ಲಿ ಮೂಲ ಲೇಖಕನೇ ಇಟ್ಟ ಚುಕ್ಕಿಗಳಾವುವು, ಉದ್ಧರಿಸಿದವನು ಇಟ್ಟವಾವುವು ಎಂಬ ಗೊಂದಲವನ್ನು ತಪ್ಪಿಸಲು, ಇಂಗ್ಲಿಷಿನಲ್ಲಿ ಎರಡನೆಯವನ್ನು ಚೌಕ ಕಂಸದೊಳಗಿಡುವ ವಾಡಿಕೆಯುಂಟು. ಅದನ್ನು ನಮ್ಮ ಪತ್ರಿಕೆಯೂ ಮುಂದಿನ ಸಂಚಿಕೆಯಿಂದ ಅನುಸರಿಸಬಹುದು. ಸ್ಥಳಾಭಾವದಿಂದ ಲೇಖನಗಳನ್ನು ಮೊಟಕು ಮಾಡುವಾಗಲೂ ಅದೇ ಗುರುತನ್ನು ಹಾಕಿ, ಅಚ್ಚಿಗೆ ಕೊಡುವ ಮೊದಲು ಲೇಖಕನಿಗೆ ಒಮ್ಮೆ ತೋರಿಸತಕ್ಕದ್ದು. ಈ ಲೇಖನವು ನಿಗದಿಯಾದ ಪುಟಗಳಿಗಿಂತ ಬೆಳೆದಿದೆಯೆಂದು ಬಲ್ಲೆ. ಕತ್ತರಿಸಲೇಬೇಕಾದರೆ ಬಿಸ್ಮಾರ್ಕನನ್ನು ತೆಗೆಯಬಹುದು; ಕಂಚುಕಿಯನ್ನು ಉಳಿಸಿಕೊಡಬೇಕು.